ಚಿಕ್ಕಪ್ಪನ ಮೆಸೇಜಿಗೆ ಉತ್ತರ, ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ

ಚಿಕ್ಕಪ್ಪ, ನಿನ್ನೆ ರಾತ್ರಿ ನೀವು ಗ್ರೂಪಲ್ಲಿ ಹಾಕಿದ್ದು ನೋಡ್ದೆ, 46 ಮಕ್ಕಳಿಗೆ ಅಂತ ನಮ್ಮೂರಲ್ಲಿ ಒಂದರಿಂದ ಏಳರ ಸರ್ಕಾರಿ ಶಾಲೆ ಯಾಕೆ ಬೇಕು, ಮುಚ್ಚಿ ಎಲ್ಲರನ್ನೂ ಪೇಟೆ ಶಾಲೆಗೆ ಕಳ್ಸಿ, ವ್ಯಾನ್ ಬರುತ್ತಲ್ಲ ಅಂತ. ಅದ್ರ ಕೆಳಗೆ ಸಣ್ಣತ್ತೆ, ಹಾಗಲ್ಲ, ಎಲ್ರೂ ಸೇರಿ ದುಡ್ಡು ಹಾಕಿ ಗೇಟಿಗೆ ಅಜ್ಜನ ಹೆಸ್ರಲ್ಲಿ ಕಮಾನು ಕಟ್ಸೋಣ, ಪೇಂಟ್ ಹೊಡ್ಸೋಣ ಅಂದ್ರು. ವಾಯ್ಸ್ ಕಳ್ಸೋಣ ಅಂದ್ಕೊಂಡೆ, ಆದ್ರೆ ಇಲ್ಲಿ ಬೆಳಿಗ್ಗೆಯಿಂದ ಹಿಡಿದ ಮಳೆ ಬಿಟ್ಟಿಲ್ಲ, ಹೆಂಚಿನ ಮೇಲೆ ಬೀಳೋ ಸದ್ದಿಗೆ ಏನೂ ಕೇಳ್ಸಲ್ಲ, ಅದಕ್ಕೇ ಮಾತಾಡ್ದಂಗೇ ಟೈಪ್ ಮಾಡ್ತಾ ಇದೀನಿ, ತಪ್ಪಿದ್ರೆ ಹೊಂದಿಸ್ಕೊಂಡು ಓದಿ.

ನಾನು ಎಸ್‌ಡಿಎಂಸಿಗೆ, ಅಂದ್ರೆ ಅಪ್ಪ ಅಮ್ಮಂದಿರು ಇರೋ ಶಾಲಾ ಸಮಿತಿಗೆ, ಬಂದು ಇದು ಮೂರನೇ ವರ್ಷ, ನನ್ ಮಗ ಅಲ್ಲೇ ಆರನೇ ಕ್ಲಾಸು. ಹಂಗಾಗಿ ನಂಗೆ ಗೊತ್ತಿರೋದನ್ನ ಹೇಳ್ತೀನಿ. ನೀವೆಲ್ಲ ಅಂದ್ಕೊಂಡಿರೋದು ಮಕ್ಕಳು ಕಮ್ಮಿ ಆದ್ರು, ಅದಕ್ಕೆ ಮೇಷ್ಟ್ರುಗಳು ಹೋದ್ರು ಅಂತ. ನಮ್ ಶಾಲೇಲಿ ಆಗಿದ್ದು ಮುಕ್ಕಾಲು ಪಾಲು ಉಲ್ಟಾ ಚಿಕ್ಕಪ್ಪ, ಮೊದ್ಲು ಹೋಗಿದ್ದು ಮೇಷ್ಟ್ರು, ಆಮೇಲೆ ಮಕ್ಕಳು.

ಹೇಗೆ ಅಂತ ಕೇಳಿ. ಕೆಲವು ವರ್ಷದ ಹಿಂದೆ ಒಂದರಿಂದ ಐದಕ್ಕೆ 61 ಮಕ್ಕಳಿದ್ರು, ಆರು ಏಳಕ್ಕೆ 22. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕದಲ್ಲಿ ಒಂದರಿಂದ ಐದನೇ ಕ್ಲಾಸಿಗೆ 60 ಮಕ್ಕಳವರೆಗೂ ಇಬ್ರೇ ಮೇಷ್ಟ್ರು, 61 ಆದ್ರೆ ಮೂರು ಜನ. ಮಾರನೇ ವರ್ಷ ಒಂದೇ ಮನೆ ಮೂರು ಮಕ್ಕಳು, ಅವ್ರಪ್ಪನಿಗೆ ಶಿವಮೊಗ್ಗದಲ್ಲಿ ಕೆಲ್ಸ ಸಿಕ್ತು ಅಂತ ಟಿಸಿ ತಗೊಂಡು ಹೋದ್ರು, ಮಕ್ಕಳ ಹೆಸ್ರು ದಾಖಲಾಗೋ ಕಂಪ್ಯೂಟರಿನ ಎಸ್‌ಎಟಿಎಸ್ ಲೆಕ್ಕದಲ್ಲಿ 58 ಅಂತ ಕೂತ್ಕೊಂಡ್ತು, ಅಷ್ಟೇ, ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಆದ್ರು. ಕೌನ್ಸೆಲಿಂಗ್‌ಗೆ ಕರ್ದು ಬೇರೆ ಕಡೆ ಹಾಕಿದ್ರು. ಕಾಗದದ ಮೇಲೆ ಅವ್ರು ಒಂದರಿಂದ ಐದರ ಮೇಷ್ಟ್ರು, ನಿಜ. ಆದ್ರೆ ಆರು ಏಳಕ್ಕೆ ಗಣಿತ ಹೇಳ್ಕೊಡ್ತಾ ಇದ್ದಿದ್ದೂ ಅವ್ರೇ. ಒಂದು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ಇಟ್ಕೊಂಡಿದ್ರು, ಅದನ್ನ ಹಿಡ್ಕೊಂಡು ಮಕ್ಕಳು ಮೈದಾನ ಅಳೆಯೋರು, ಬಾವಿಕಟ್ಟೆ ಸುತ್ತಳತೆ ತೆಗೆಯೋರು, ನಮ್ ತೋಟದಲ್ಲಿ ಅಡಿಕೆ ಮರದ ಸಾಲಿನ ನಡುವೆ ಎಷ್ಟು ಜಾಗ ಅಂತ ಅಳೆದು ಎಕರೆಗೆ ಎಷ್ಟು ಮರ ಅಂತ ಲೆಕ್ಕ ಹಾಕಿದ್ರು. ಆ ಹಗ್ಗ ಈಗ್ಲೂ ಗಂಟೆ ಪಕ್ಕ ಮೊಳೆಗೆ ನೇತಾಡ್ತಿದೆ, ಚಿಕ್ಕ ಮಕ್ಕಳು ಸ್ಕಿಪ್ಪಿಂಗ್ ಆಡೋಕೆ ತಗೊಂಡು ಹೋಗ್ತಾರೆ.

ಅವ್ರು ಹೋದ ವರ್ಷಾನೇ ಐದು ಮುಗ್ಸಿದ ಮಕ್ಕಳ ಮನೆಯೋರು, ಇನ್ಮೇಲೆ ಇಲ್ಲಿ ಗಣಿತಕ್ಕೆ ಯಾರಿದ್ದಾರೆ ಅಂದ್ರು. ಅವ್ರು ಕೇಳಿದ್ರಲ್ಲಿ ತಪ್ಪಿಲ್ಲ, ನಾನಾದ್ರೂ ಕೇಳ್ತಿದ್ದೆ. ಓದೋದ್ರಲ್ಲಿ ಮುಂದಿದ್ದ ಮಕ್ಕಳು ಮೊರಾರ್ಜಿ ವಸತಿ ಶಾಲೆ ಎಂಟ್ರೆನ್ಸ್ ಬರೆದು ಅಲ್ಲಿಗೆ ಹೋದ್ರು, ಆದರ್ಶ ವಿದ್ಯಾಲಯಕ್ಕೂ ಆರನೇ ಕ್ಲಾಸಿಗೇ ಪರೀಕ್ಷೆ, ಅಲ್ಲಿಗೆ ಇನ್ನೊಬ್ಬ ಹುಡುಗ, ಉಳಿದೋರು ವ್ಯಾನ್ ಹತ್ತಿದ್ರು. 22 ಇದ್ದಿದ್ದು 9 ಆಯ್ತು. ಕೆಳಗಿನ ಕ್ಲಾಸಲ್ಲೂ ಇಳೀತು, ಈಗ ಅಲ್ಲಿ 37. ಅಣ್ಣ ಏಳನೇ ಕ್ಲಾಸಿಗೆ ಪೇಟೆಗೆ ಹೋದ್ರೆ ತಂಗಿನ ಒಂದನೇ ಕ್ಲಾಸಿಗೆ ಇಲ್ಲಿ ಯಾರು ಸೇರಿಸ್ತಾರೆ ಹೇಳಿ, ಒಂದೇ ವ್ಯಾನಲ್ಲಿ ಇಬ್ರೂ ಹೋಗ್ಲಿ ಅಂತಾರೆ. ಎಲ್‌ಕೆಜಿ ಇಲ್ದಿರೋದೂ ದೊಡ್ಡ ಪೆಟ್ಟು, ಮೂರು ವರ್ಷಕ್ಕೆ ವ್ಯಾನ್ ಹತ್ತಿದ ಮಗು ಆರು ವರ್ಷಕ್ಕೆ ಇಳಿದು ನಮ್ ಶಾಲೆಗೆ ಬರಲ್ಲ.

ಇನ್ನೊಂದು ಏನಂದ್ರೆ, ಆರರಿಂದ ಎಂಟಕ್ಕೆ ಕಾನೂನು ಬೇರೆ ಇದೆ, ಗಣಿತ ವಿಜ್ಞಾನಕ್ಕೆ ಒಬ್ರು, ಸಮಾಜಕ್ಕೆ ಒಬ್ರು, ಭಾಷೆಗೆ ಒಬ್ರು ಇರ್ಬೇಕು. ಅದಕ್ಕೆ ಪದವೀಧರ ಶಿಕ್ಷಕರು ಅಂತ ಬೇರೆ ಹುದ್ದೆ ಮಾಡಿ 2022ರಲ್ಲಿ 15,000 ಹುದ್ದೆಗೆ ಕರೆದ್ರು, ಆಯ್ಕೆ ಆಗಿದ್ದು 13 ಸಾವಿರ ಚಿಲ್ರೆ, ನಮ್ಮಂತ ಮೂಲೆ ಶಾಲೆಗೆ ಬರೋ ಹೊತ್ತಿಗೆ ಯಾರೂ ಉಳಿಯಲ್ಲ. ಹಳೇ ಮೇಷ್ಟ್ರುಗಳು ಒಂದರಿಂದ ಏಳಕ್ಕೆ ಅಂತ ಆರ್ಡರ್ ತಗೊಂಡು ಬಂದೋರು, ಡಿಗ್ರಿ ಬಿಎಡ್ ಮಾಡಿದ್ರೂ ಹೊಸ ನಿಯಮ ಬಂದ್ಮೇಲೆ ಒಂದರಿಂದ ಐದಕ್ಕೆ ಅಷ್ಟೇ ಅಂದ್ಬಿಟ್ರು, ಅದಕ್ಕೇ 2024ರಲ್ಲಿ ಅವ್ರೆಲ್ಲ ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಲ್ಲಿ ಕೂತಿದ್ದು. ಅವ್ರ ಜಾಗದಲ್ಲಿ ನಿಂತು ನೋಡಿ ಚಿಕ್ಕಪ್ಪ, ಇಪ್ಪತ್ತು ವರ್ಷ ಏಳನೇ ಕ್ಲಾಸಿಗೆ ಪಾಠ ಮಾಡಿದೋರಿಗೆ ನಿಂಗೆ ಆ ಅರ್ಹತೆ ಇಲ್ಲ ಅಂದ್ರೆ ಎಷ್ಟು ನೋವಾಗುತ್ತೆ.

ಈಗ ಇರೋದು ಹೆಡ್ ಮೇಷ್ಟ್ರು, ಒಬ್ರು ಟೀಚರ್, ಒಬ್ರು ಅತಿಥಿ ಶಿಕ್ಷಕಿ, ಅಂದ್ರೆ ಖಾಯಂ ಅಲ್ಲದೋರು. ಮಕ್ಕಳು ಇಷ್ಟು ಕಮ್ಮಿ ಇರೋ ಶಾಲೆಗೆ ಪೂರ್ಣಾವಧಿ ಹೆಡ್ ಮಾಸ್ಟರ್ ಇಲ್ಲ, ಹಂಗಾಗಿ ನಮ್ ಹೆಡ್ ಮೇಷ್ಟ್ರೂ ಪಾಠ ಮಾಡ್ಬೇಕು. ಪಾಠದ ಜೊತೆ ಹಾಲು ಎಷ್ಟು ಮಕ್ಕಳು ಕುಡಿದ್ರು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಅಕ್ಕಿ ಎಷ್ಟು ಉಳೀತು, ಎಲ್ಲ ಫೋನಲ್ಲಿ ಹಾಕ್ಬೇಕು, ನೆಟ್‌ವರ್ಕ್ ಸಿಗೋದು ಮೆಟ್ಲಿನ ಕೊನೇ ಕಲ್ಲಿನ ಮೇಲೆ ಮಾತ್ರ. ಮೊನ್ನೆ ನಾನು ಹೋದಾಗ ಒಂದು ಕೈಲಿ ಕೊಡೆ ಒಂದು ಕೈಲಿ ಫೋನ್ ಹಿಡ್ಕೊಂಡು ಅಲ್ಲಿ ನಿಂತಿದ್ರು, ಒಳಗೆ ನಾಲ್ಕನೇ ಕ್ಲಾಸಿನ ಮಕ್ಕಳು ತಾವೇ ಜೋರಾಗಿ ಮಗ್ಗಿ ಹೇಳ್ತಾ ಇದ್ರು, ಅವ್ರು ಮಳೇಲಿ ನಿಂತೇ ‘ಏಳೊಂಬತ್ಲಿ ಇನ್ನೊಂದ್ಸಲ’ ಅಂತ ಕೂಗಿ ತಿದ್ದಿದ್ರು.

ದುಡ್ಡಿನ ವಿಷಯ. ಸರ್ಕಾರ ಕೊಡಲ್ವಾ ಅಂತ ಅತ್ತೆ ಕೇಳಿದ್ರು. ಕೊಡುತ್ತೆ. ಸಮಗ್ರ ಶಿಕ್ಷಣ ಅನ್ನೋ ಯೋಜನೇಲಿ ಶಾಲಾ ಅನುದಾನ ಅಂತ ಬರೋದೂ ಮಕ್ಕಳ ತಲೆ ಲೆಕ್ಕದ ಮೇಲೇನೆ, 31ರಿಂದ 100 ಮಕ್ಕಳಿದ್ರೆ ವರ್ಷಕ್ಕೆ 25,000, 30ಕ್ಕೆ ಇಳಿದ್ರೆ 10,000. ನಮ್ದು 46, ಹಾಗಾಗಿ 25,000. ಅದ್ರಲ್ಲಿ ಹತ್ತು ಪರ್ಸೆಂಟ್ ಸ್ವಚ್ಛತೆಗೆ ಅಂತ ತೆಗೀಬೇಕು, ಉಳಿದಿದ್ರಲ್ಲಿ ಚಾಕ್‌ಪೀಸ್, ರಿಜಿಸ್ಟರ್, ಜೆರಾಕ್ಸ್, ನಲ್ಲಿ ರಿಪೇರಿ. ಆಮೇಲೆ ಮಂಗ! ಈ ವರ್ಷ ಏಳನೇ ಕ್ಲಾಸಿನ ಮೂಲೇಲಿ ಮಂಗಗಳು ಕುಣಿದು 140 ಹೆಂಚು ಒಡೆದಿವೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈ ಆಡ್ಸಿದ್ದಕ್ಕೆ ಆಳಿನ ಸಂಬಳ, ಹೊಸ ಹೆಂಚು, ಅಲ್ಲಿಗೇ ಅರ್ಧ ಖರ್ಚು. ಕಟ್ಟಡ ಅಷ್ಟೇ ದೊಡ್ಡದು, ಮಾಡು ಅಷ್ಟೇ ಅಗಲ, ಮಕ್ಕಳು ಕಮ್ಮಿ ಆದ್ರೆ ಸೋರೋದೇನೂ ಕಮ್ಮಿ ಆಗಲ್ಲ. ಕರೆಂಟ್ ಬಿಲ್ಲು ಮಾತ್ರ 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗೆ ಫ್ರೀ ಅಂತ ಘೋಷಣೆ ಆದ್ಮೇಲೆ ಒಂದು ತಲೆನೋವು ಹೋಯ್ತು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಆ ಅತಿಥಿ ಶಿಕ್ಷಕಿ ಇದ್ದಾರಲ್ಲ, ಪಕ್ಕದೂರಿನ ಹುಡುಗಿ, ಬಿಎಸ್ಸಿ ಬಿಎಡ್, ಎಷ್ಟು ಚೆನ್ನಾಗಿ ಹೇಳ್ಕೊಡ್ತಾಳೆ ಅಂದ್ರೆ ನನ್ ಮಗ ಭಿನ್ನರಾಶಿ ಅಂದ್ರೆ ಅಳ್ತಿದ್ದೋನು ಈಗ ಮನೇಲಿ ರೊಟ್ಟಿ ಹರಿದು ಅಜ್ಜಿಗೆ ಪಾಠ ಮಾಡ್ತಾನೆ. ಆರು ಏಳು ಒಂದೇ ರೂಮು, ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಾರೆ, ಆ ಕಡೆ ಗೋಡೆಗೊಂದು ಬೋರ್ಡು ಈ ಕಡೆಗೊಂದು, ಇವ್ಳು ನಡುವೆ ಓಡಾಡ್ಕೊಂಡೇ ಎರಡೂ ಕ್ಲಾಸ್ ನಡೆಸ್ತಾಳೆ. ಅವಳಿಗೆ ಗೌರವಧನ ತಿಂಗ್ಳಿಗೆ 12,000, ಅದೂ 2025ರ ಬಜೆಟ್‌ನಲ್ಲಿ ಎರಡು ಸಾವಿರ ಜಾಸ್ತಿ ಮಾಡಿದ ಮೇಲೆ. ನಮ್ಮಲ್ಲಿ ಅದು ತಿಂಗ್ಳಿಗೆ ತಿಂಗ್ಳಿಗೆ ಬಂದಿದ್ದಿಲ್ಲ, ಮೂರು ತಿಂಗ್ಳಿಂದು ಒಟ್ಟಿಗೆ ಬರುತ್ತೆ, ರಜೇಲಿ ಏನೂ ಇಲ್ಲ. ಈಗ ಪೇಟೆಯ ಒಂದು ಖಾಸಗಿ ಶಾಲೆಯೋರು 16,000 ಕೊಡ್ತೀವಿ ಬಾ ಅಂತ ಕರ್ದಿದ್ದಾರೆ. ಈ ತಿಂಗ್ಳ ಕೊನೇಲಿ ಹೇಳ್ತೀನಿ ಅಂದಿದ್ದಾಳೆ. ಹೋಗ್ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ, ಅವಳಿಗೂ ಮನೆ ಇದೆ, ತಮ್ಮನ ಓದಿದೆ.

ವ್ಯಾನ್ ಇದೆಯಲ್ಲ ಅಂದ್ರಿ. ವ್ಯಾನ್ ಬರೋದು ಟಾರ್ ರೋಡ್‌ವರೆಗೆ. ಹಳ್ಳದಾಚೆ ಮನೆಗಳ ಏಳು ಮಕ್ಕಳು ಕಾಲುಸಂಕ ದಾಟಿ ಬರ್ಬೇಕು, ನಮ್ ಶಾಲೆ ಆದ್ರೆ ಮಳೆ ಜೋರಾದ ದಿನ ಯಾರಾದ್ರೂ ಕೈ ಹಿಡ್ದು ದಾಟಿಸ್ತೀವಿ, ಬೆಳಿಗ್ಗೆ ಏಳೂವರೆ ವ್ಯಾನಿಗೆ ಯಾರು ದಾಟಿಸ್ತಾರೆ. ಪೇಟೆ ಇರೋದು ಹನ್ನೊಂದು ಕಿಲೋಮೀಟರ್, ಆರನೇ ಕ್ಲಾಸಿನ ಮಕ್ಕಳಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರ್ಬೇಕು ಅಂತ ನಿಯಮಾನೇ ಇದೆ. ತೋಟದ ಕೆಲ್ಸಕ್ಕೆ ಕೊಪ್ಪಳದ ಕಡೆಯಿಂದ ಬಂದಿರೋ ಎರಡು ಮನೆಯೋರ ಮಕ್ಕಳನ್ನ ಹೋದ್ವರ್ಷ ಟಿಸಿ ಇಲ್ದೇನೇ ಸೇರಿಸ್ಕೊಂಡ್ವಿ, ಕಾನೂನಲ್ಲಿ ಅವಕಾಶ ಇದೆ, ಅವ್ರು ವ್ಯಾನಿಗೆ ದುಡ್ಡು ಎಲ್ಲಿಂದ ತರ್ತಾರೆ.

ಆಮೇಲೆ ಪೇಟೆಗೆ ಕಳ್ಸೋ ನಮ್ಮೋರಿಗೆ ಒಂದು ಮಾತು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಒಂದರಿಂದ ಹತ್ತು ಪೂರ್ತಿ ಹಳ್ಳಿ ಶಾಲೇಲಿ ಓದಿದ್ರೆ ಮಾತ್ರ ಗ್ರಾಮೀಣ ಮೀಸಲಾತಿ, ರಾಜ್ಯ ಸರ್ಕಾರಿ ಕೆಲ್ಸದಲ್ಲಿ 25 ಪರ್ಸೆಂಟ್, ಸಿಇಟಿ ಸೀಟಲ್ಲಿ 15. ಹತ್ತೂ ವರ್ಷ ಕನ್ನಡ ಮಾಧ್ಯಮ ಆದ್ರೆ ಅದಕ್ಕೆ ಬೇರೆ 5 ಪರ್ಸೆಂಟ್. ಮಧ್ಯದಲ್ಲಿ ಒಂದು ವರ್ಷ ಪೇಟೇಲಿ ಇಂಗ್ಲಿಷ್ ಮೀಡಿಯಂ ಓದಿದ್ರೆ ಎರಡೂ ಹೋಯ್ತು. ನಮ್ ಏಳನೇ ಕ್ಲಾಸಿಂದ ಹೈಸ್ಕೂಲಿಗೆ ಹೋದ ಹುಡುಗಿ ಒಬ್ಳು ಎಂಟರಲ್ಲಿ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಪಾಸ್ ಮಾಡಿದ್ಳು, ವರ್ಷಕ್ಕೆ 12,000ದಂತೆ ನಾಲ್ಕು ವರ್ಷ ಅವಳ ಅಕೌಂಟಿಗೇ ಬರುತ್ತೆ. ಅವರಮ್ಮ ನಮ್ ಶಾಲೆ ಬಿಸಿಯೂಟದ ಅಡುಗೆಯೋರು, ಅವ್ರ ಇಡೀ ವರ್ಷದ ಗೌರವಧನ ನೀವೇ ಲೆಕ್ಕ ಹಾಕಿ, ತಿಂಗ್ಳಿಗೆ 4,600.

ಸಣ್ಣತ್ತೆ, ಕಮಾನಿಗೆ 80,000 ಅಂದಾಜು ಹೇಳಿದ್ರಿ. ಅಜ್ಜನ ಹೆಸ್ರು ಇರ್ಬೇಕು ಅಂತ ನಂಗೂ ಆಸೆ ಇದೆ, ಆ ಬಾವಿ ತೋಡಿಸಿದ್ದೇ ಅಜ್ಜ. ಆದ್ರೆ ನನ್ ಮಾತು ಕೇಳಿ, ಆ ದುಡ್ಡನ್ನ ಈ ಹುಡುಗಿಗೆ ಕೊಡೋಣ. ತಿಂಗ್ಳಿಗೆ 4,000 ಮೇಲೆ ಹಾಕಿದ್ರೆ ಪೇಟೆಯೋರು ಕೊಡೋದಕ್ಕೆ ಸಮ ಆಗುತ್ತೆ, ಹತ್ತು ತಿಂಗ್ಳಿಗೆ 40,000, ಅಂದ್ರೆ 80,000ಕ್ಕೆ ಎರಡು ವರ್ಷ ಕಳೀತು. ಇಲ್ಲೀಗ ಐದನೇ ಕ್ಲಾಸಲ್ಲಿ ಎಂಟು ಮಕ್ಕಳಿದ್ದಾರೆ, ಅವ್ರ ಮನೆಗಳಿಗೆಲ್ಲ ಹೋಗಿ ಕೇಳಿದ್ದೀನಿ, ಆ ಟೀಚರ್ ಇದ್ರೆ ಇಲ್ಲೇ ಬಿಡ್ತೀವಿ ಅಂತ ಆರು ಮನೆಯೋರು ಹೇಳಿದ್ದಾರೆ. ಗೌರವಧನ ಲೇಟಾದಾಗ ಮುಂಗಡ ಕೊಡೋಕೂ ಇದ್ರಲ್ಲೇ ಒಂದಿಷ್ಟು ಕೈಯಲ್ಲಿರುತ್ತೆ. ದುಡ್ಡು ನನ್ ಕೈಗೆ ಬೇಡ, ಎಸ್‌ಡಿಎಂಸಿ ಅಕೌಂಟಿಗೆ ಹಾಕಿ, ರಸೀದಿ ಕೊಡ್ತೀವಿ, ಖರ್ಚಿನ ಪುಸ್ತಕದ ಫೋಟೋ ಪ್ರತಿ ತಿಂಗ್ಳು ಈ ಗ್ರೂಪಿಗೇ ಹಾಕ್ತೀನಿ.

ಶನಿವಾರ ಶಾಲೆ ಬಿಟ್ಮೇಲೆ ಎಸ್‌ಡಿಎಂಸಿ ಸಭೆ ಇದೆ, ಹೆಡ್ ಮೇಷ್ಟ್ರ ಜೊತೆ ಮಾತಾಡಿದ್ದೀನಿ, ಸಭೇಲಿ ಠರಾವು ಬರ್ಕೊಂಡೇ ಮಾಡೋಣ ಅಂದಿದ್ದಾರೆ. ಚಿಕ್ಕಪ್ಪ, ನೀವು ಶುಕ್ರವಾರ ರಾತ್ರಿ ಒಳಗೆ ಹೌದು ಅಂತಲೋ ಬೇಡ ಅಂತಲೋ ಒಂದು ಮಾತು ಹೇಳಿ, ಬೇಡ ಅಂದ್ರೂ ಬೇಜಾರಿಲ್ಲ, ನಾನು ಬೇರೆ ಮನೆಗಳಲ್ಲಿ ಕೇಳ್ಬೇಕು. ಟೀಚರ್‌ಗೆ ಇನ್ನೂ ಏನೂ ಹೇಳಿಲ್ಲ.