ವ್ಯಾಟ್ ಲೆಕ್ಕಕ್ಕೆ ಯಾವ ಪದ: ಸಾಮರ್ಥ್ಯವೋ, ಶಕ್ತಿಯೋ?

ಬಲ್ಲವರಿಗೆ ನಮಸ್ಕಾರ. ಮುಧೋಳ ಕಡೆಯ ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್. ಲೆಕ್ಕ ಇಷ್ಟೇ; ತೊಡಕಿರುವುದು ಹೆಸರುಗಳಲ್ಲಿ.

ಓಮ್‌ಗೆ ಶಾಲಾ ಪಠ್ಯದ ‘ರೋಧ’ವನ್ನೇ ಇಟ್ಟುಕೊಂಡಿದ್ದೇನೆ. ‘ಪ್ರತಿರೋಧ’ ಪತ್ರಿಕೆಗಳ ರಾಜಕೀಯ ಪುಟಕ್ಕಿರಲಿ. ಆಂಪಿಯರಿಗೆ ‘ಕರೆಂಟ್’ ಎನ್ನುವುದನ್ನು ಕೈಬಿಟ್ಟಿದ್ದೇನೆ, ಏಕೆಂದರೆ ‘ಕರೆಂಟ್ ಕಡಿಮೆ ಇದೆ’ ಎಂದು ರೈತರು ದೂರುವುದು ಹೆಚ್ಚಾಗಿ ವೋಲ್ಟೇಜ್ ಬಗ್ಗೆ. ಅಂಗಡಿಯವರು ‘ಎಷ್ಟು ಆಂಪ್ಸ್ ಎಳೆಯುತ್ತಿದೆ?’ ಎಂದೇ ಕೇಳುತ್ತಾರೆ, ಅದು ಸ್ಪಷ್ಟವಾಗಿದೆ.

ವ್ಯಾಟ್ ಮಾತ್ರ ಕಾಡುತ್ತಿದೆ. ವ್ಯಾಟಿನಲ್ಲಿ ಅಳೆಯುವ ‘ಪವರ್’ಗೆ ಶಾಲಾ ಪಠ್ಯದ ಪದ ‘ಸಾಮರ್ಥ್ಯ’. ನೀರು ಕಾಯಿಸುವ ಕಾಯಿಲ್ ಒಂದರ ಮೇಲೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿದೆ ಎನ್ನಿ. ಅದು ಎಳೆಯುವುದು ಸುಮಾರು 4.35 ಆಂಪಿಯರ್, ರೋಧ 52.9 ಓಮ್. ಊರಿನಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ 180ಕ್ಕೆ ಕುಸಿದರೆ ರೋಧ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆಂಪಿಯರ್ 3.4ಕ್ಕೆ ಇಳಿಯುತ್ತದೆ. ಗುಣಿಸಿದರೆ ಸುಮಾರು 612 ವ್ಯಾಟ್. ಹತ್ತು ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ ಹದಿನಾರು ನಿಮಿಷ ಬೇಕು.

ಪಠ್ಯದ ಪ್ರಕಾರ ಇದನ್ನು ‘ಕಾಯಿಲಿನ ಸಾಮರ್ಥ್ಯ 612 ವ್ಯಾಟ್‌ಗೆ ಇಳಿಯಿತು’ ಎಂದು ಬರೆಯಬೇಕು. ಓದಿದವನು ಕಾಯಿಲ್ ಹಾಳಾಯಿತೆಂದೇ ತಿಳಿಯುತ್ತಾನೆ. ನಮ್ಮ ಕಿವಿಗೆ ಸಾಮರ್ಥ್ಯವೆಂದರೆ ಗರಿಷ್ಠ ಮಿತಿ. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರದ ಸಾಮರ್ಥ್ಯ 2400 ಮೆಗಾವ್ಯಾಟ್ ಎಂದರೆ ಅಷ್ಟನ್ನು ಉತ್ಪಾದಿಸಬಲ್ಲದು ಎಂದರ್ಥ, ಈ ಕ್ಷಣ ಅಷ್ಟು ಹೊರಡುತ್ತಿದೆ ಎಂದಲ್ಲ.

‘ಶಕ್ತಿ’ ಎನ್ನೋಣವೆಂದರೆ ಅದನ್ನು ಪಠ್ಯದವರು ಬಿಲ್ಲಿನ ಯೂನಿಟ್ಟಿಗೆ, ಅಂದರೆ 1000 ವ್ಯಾಟ್ ಒಂದು ಗಂಟೆ ಉರಿದ ಮೊತ್ತಕ್ಕೆ, ಕೊಟ್ಟುಬಿಟ್ಟಿದ್ದಾರೆ. ಆದರೆ 746 ವ್ಯಾಟ್‌ಗೆ ಸಮವಾದದ್ದು ‘ಅಶ್ವಶಕ್ತಿ’! ಅಲ್ಲಿ ಶಕ್ತಿ ಎಂದರೆ ವ್ಯಾಟಿನ ಮಾತೇ. ಇದನ್ನು ಹುಡುಗರಿಗೆ ಯಾವ ಮುಖದಿಂದ ವಿವರಿಸಲಿ? ‘ಅಶ್ವಸಾಮರ್ಥ್ಯ’ ಎಂದು ತಿದ್ದುವ ಧೈರ್ಯ ನನಗಂತೂ ಇಲ್ಲ.

ಇನ್ನೊಂದು ಗಂಟು ಮೋಟಾರಿನದು. ಸಿಂಗಲ್ ಫೇಸ್ ಮೋಟಾರಿನ ಸುರುಳಿಗೆ ಮಲ್ಟಿಮೀಟರ್ ಹಿಡಿದಾಗ 4 ಓಮ್ ತೋರಿಸಿತು ಎನ್ನೋಣ. 230ನ್ನು 4ರಿಂದ ಭಾಗಿಸಿದರೆ 57.5 ಆಂಪಿಯರ್ ಬರುತ್ತದೆ, ಆದರೆ ತಿರುಗುತ್ತಿರುವ ಮೋಟಾರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಪರ್ಯಾಯ ವಿದ್ಯುತ್ತಿಗೆ ಸುರುಳಿಯೇ ಒಡ್ಡುವ ಅಡ್ಡಿಯೂ ತಿರುಗಾಟದಿಂದ ಹುಟ್ಟುವ ಎದುರು ವೋಲ್ಟೇಜೂ ಸೇರಿ ತಡೆಯುತ್ತವೆ. ವ್ಯಾಟ್ ತೆಗೆಯಲು ಇಲ್ಲಿ ಪವರ್ ಫ್ಯಾಕ್ಟರಿನಿಂದಲೂ (ವೋಲ್ಟ್-ಆಂಪಿಯರ್ ಗುಣಲಬ್ಧದಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಗುಣಿಸಬೇಕು. ವೋಲ್ಟೇಜ್ ಕುಸಿದರೆ ಕಾಯಿಲಿನ ಆಂಪಿಯರ್ ಇಳಿಯುತ್ತದೆ. ನೀರೆತ್ತುವ ಭಾರ ಹೊತ್ತ ಮೋಟಾರಿನದು ಏರುತ್ತದೆ, ಸುರುಳಿ ಸುಡುತ್ತದೆ. ಸುರುಳಿಯ ರೋಧ, ಮೇಲಿನ ಅಡ್ಡಿ ಎಲ್ಲ ಸೇರಿದ ಇಂಪೀಡೆನ್ಸ್‌ಗೆ ‘ಒಟ್ಟು ತಡೆ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ವ್ಯಾಟ್‌ಗೆ ಸದ್ಯಕ್ಕೆ ‘ಎಳೆತ’ ಎಂದು ಹಾಕಿ ನೋಡುತ್ತಿದ್ದೇನೆ, ಆದರೆ ಅದು ಆಂಪಿಯರಿಗೇ ಹೆಚ್ಚು ಒಪ್ಪುತ್ತದೆ. ಪದ ಸೂಚಿಸುವವರು ಅದನ್ನು ಈ ವಾಕ್ಯದ ಖಾಲಿ ಜಾಗಗಳಲ್ಲಿ ಕೂರಿಸಿ ತೋರಿಸಿದರೆ ಉಪಕಾರ: ‘230 ವೋಲ್ಟಿನಲ್ಲಿ ಈ ಕಾಯಿಲಿನ ____ 1000 ವ್ಯಾಟ್, 180 ವೋಲ್ಟಿನಲ್ಲಿ ಅದರ ____ 612 ವ್ಯಾಟ್, ಕಾಯಿಲ್ ಮಾತ್ರ ಸರಿಯಾಗಿಯೇ ಇದೆ.’