ಬಯೋಡೇಟಾಗೆ ಆಗದ ಫೋಟೋ

ಗುಂಪು: ದೊಡ್ಡಮನೆ, ಕಲಬುರಗಿ

(ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವು, ತೊಗರಿ ರೇಟಿನ ಫಾರ್ವರ್ಡ್ ಎಲ್ಲ ತೆಗೆದಿದ್ದೇನೆ.)

ನಾನು: [ಫೋಟೋ] ಫಿಲಂನಲ್ಲಿ ತೆಗೆದದ್ದು. ನನ್ನನ್ನು ನಾನೇ. ಹಳೇ ಮನೆಯ ನಡುಕೋಣೆ, ಬಡಗಣ ಕಿಟಕಿ. ಲೈಟು, ಫ್ಲ್ಯಾಶು ಏನೂ ಇಲ್ಲ.

ಕಾಕು: ಅಯ್ಯೋ ತಂಗಿ, ಇದೇನು ಹೀಗಿದೆ? ನೋಡಿದ ಕೂಡಲೇ ಎದೆ ಧಸಕ್ ಅಂತು. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಬರೆಯೋದು ಒಂದೇ ಬಾಕಿ.

ಅಕ್ಕ (ಬೀದರ್): ಕಾಕು!! ನಕ್ಕು ನಕ್ಕು ಸಾಕಾಯಿತು.

ಕಾಕು: ನಗಬೇಡ. ಬಯೋಡೇಟಾಗೆ ಒಂದು ಫೋಟೋ ಕಳಿಸು ಅಂತ ಯಾವಾಗಿನಿಂದ ಹೇಳ್ತಿದ್ದೇನೆ. ಇದನ್ನ ಅವರಿಗೆ ಹೇಗೆ ಕಳಿಸಲಿ? ಅರ್ಧ ಮುಖಾನೇ ಇಲ್ಲ.

ನಾನು: ಇದು ಬಯೋಡೇಟಾಗೆ ಅಲ್ಲ ಕಾಕು.

ಅಣ್ಣ (ಬೆಂಗಳೂರು): ಇದಕ್ಕೆ ಫಿಲಂ ಯಾಕೆ ಬೇಕಿತ್ತು? ಫೋನಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿದ್ರೆ ಎರಡು ಸೆಕೆಂಡಿನ ಕೆಲಸ. ಪುಕ್ಕಟೆ.

ಕಾಕಾ: ರೀಲಿಗೆ ಎಷ್ಟು ಕೊಟ್ಟೆ?

ನಾನು: ಅದು ಬೇಡ ಬಿಡ್ರಿ ಕಾಕಾ.

ಕಾಕಾ: ಅಂದರೆ ಜಾಸ್ತಿನೇ ಕೊಟ್ಟಿದ್ದೀಯ. ಸೆಲ್ಫಿ ಹುಚ್ಚಿಗೆ ಇಷ್ಟು ದುಡ್ಡಾ?

ನಾನು: ಹುಚ್ಚು ಹೊಸದಲ್ಲ ಕಾಕಾ. ಫೋಟೋಗ್ರಫಿ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ. ಅದೇ ವರ್ಷ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೆಲಿಯಸ್ ತನ್ನ ಫೋಟೋ ತಾನೇ ತೆಗೆದುಕೊಂಡ. ನಮ್ಮವರೇ ಬೇಕು ಅಂದರೆ ಚಿತ್ರ ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಇದ್ದಾರೆ. ಅವರು ದಶಕಗಟ್ಟಲೆ ತಮ್ಮನ್ನೇ ತಾವು ತೆಗೆದರು.

ಕಾಕಾ: ಅವರಿಗೆ ಜಮೀನು ಇತ್ತು ತಂಗಿ.

ಅಣ್ಣ (ಬೆಂಗಳೂರು): [ಫೋಟೋ] ನೋಡಿ, ಆ್ಯಪ್‌ಗೆ ಹಾಕಿದೆ. ಒಂದೇ ಸಲ ಒತ್ತಿದ್ದು.

ಕಾಕು: ಹಾಂ! ಈಗ ಲಕ್ಷಣವಾಗಿದೆ. ಮುಖ ಬೆಳಗಾಯಿತು. ಎರಡೂ ಕಣ್ಣು ಕಾಣ್ತಿವೆ.

(‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಹಳ ಹೊತ್ತು ತೋರಿಸಿತು. ದೊಡ್ಡಪ್ಪ ಸೂಪರ್ ಮಾರ್ಕೆಟ್ ಹತ್ತಿರ ಸ್ಟುಡಿಯೋ ನಡೆಸಿದವರು. ಅವರು ಬರೆಯುವಾಗ ನಮ್ಮ ಗುಂಪು ಸುಮ್ಮನಾಗುತ್ತದೆ. ಇದು ಬೇರೆ ಯಾರಿಗೂ ಸಿಗದ ಮರ್ಯಾದೆ.)

ದೊಡ್ಡಪ್ಪ: ಅದು ನನ್ನ ಪೆಂಟಾಕ್ಸ್ ಕೆ1000 ಕ್ಯಾಮೆರಾ ತಾನೇ? ಅದಕ್ಕೆ ಸೆಲ್ಫ್ ಟೈಮರೇ ಇಲ್ಲ. ಬಟನ್ ಒತ್ತಿದವರು ಯಾರು?

ನಾನು: ನಾನೇ ದೊಡ್ಡಪ್ಪ. ನಿಮ್ಮ ಪೆಟ್ಟಿಗೆಯಲ್ಲಿ ಉದ್ದ ಪೈಪಿನ ರಬ್ಬರ್ ಬಲ್ಬ್ ಇತ್ತಲ್ಲ, ಗಾಳಿ ಒತ್ತಿ ಶಟರ್ ಬೀಳಿಸುವುದು. ಅದನ್ನ ಬಟನ್ನಿಗೆ ತಿರುಗಿಸಿ, ಬಲ್ಬನ್ನ ಹಿಮ್ಮಡಿ ಕೆಳಗೆ ಇಟ್ಟುಕೊಂಡೆ. ಕೈ ಎರಡೂ ಮಡಿಲಲ್ಲೇ ಇವೆ ನೋಡ್ರಿ. ಒಂದೊಂದು ಫೋಟೋಗೂ ಎದ್ದು ಹೋಗಿ ರೀಲು ಮುಂದೆ ತಳ್ಳಬೇಕು, ಅಷ್ಟೇ ಕಷ್ಟ.

ದೊಡ್ಡಪ್ಪ: ಫೋಕಸ್?

ನಾನು: ದಾರ. ಲೆನ್ಸನ್ನ ಒಂದೂವರೆ ಮೀಟರಿಗೆ ಇಟ್ಟು, ಕ್ಯಾಮೆರಾದಲ್ಲಿ ಫಿಲಂ ಇರುವ ಹಿಂಬದಿಯಿಂದ ಅಷ್ಟೇ ದಾರ ಅಳೆದು ಗಂಟು ಹಾಕಿದೆ. ಗಂಟು ಎಡಗಣ್ಣಿನ ಕೆಳಗೆ ತಾಗುವ ಹಾಗೆ ಕೂತು, ಆಮೇಲೆ ದಾರ ಬಿಟ್ಟುಬಿಟ್ಟೆ. ಲೆನ್ಸಿನ ಕಂಡಿ ಎಫ್ 4, ಶಟರ್ ಸೆಕೆಂಡಿನ 30ರಲ್ಲಿ ಒಂದು ಭಾಗ. ಅಷ್ಟು ದೂರಕ್ಕೆ ಎಫ್ 4ರಲ್ಲಿ ಹೆಚ್ಚುಕಡಿಮೆ ಒಂದು ಗೇಣು ಜಾಗ ಫೋಕಸ್‌ನಲ್ಲಿ ನಿಲ್ಲುತ್ತದೆ. ಎಫ್ 2ಕ್ಕೆ ತೆರೆದಿದ್ದರೆ ಅದು ಅರ್ಧ ಗೇಣು. ಸ್ವಲ್ಪ ಹಿಂದೆ ಒರಗಿದರೂ ಮುಖ ಮಸುಕು.

ದೊಡ್ಡಪ್ಪ: ಅದು ಸರಿ. ಆದರೆ ಬಲಗಡೆ ಯಾಕೆ ಬಿಟ್ಟೆ? ಒಂದು ಬಿಳಿ ಬೆಡ್‌ಶೀಟ್ ಇಲ್ಲವೇ ಥರ್ಮಾಕೋಲ್ ನಿಲ್ಲಿಸಿದ್ದರೆ ಕಿಟಕಿ ಬೆಳಕು ತಿರುಗಿ ಬಂದು ನೆರಳು ತುಂಬುತ್ತಿತ್ತು. ಇದು ಮೊದಲ ಪಾಠ. ಸುಣ್ಣದ ಗೋಡೆಯೇ ಅರ್ಧ ಕೆಲಸ ಮಾಡಿರಬೇಕಲ್ಲ?

ನಾನು: ಮಾಡುತ್ತಿತ್ತು. ಅದಕ್ಕೇ ಆ ಗೋಡೆಗೆ ಮುತ್ಯಾನ ಕರಿ ಕಂಬಳಿ ಕಟ್ಟಿದೆ. ನೆಲದ ಶಹಾಬಾದ್ ಕಲ್ಲು ಕೂಡ ಗದ್ದದ ಕೆಳಗೆ ಬೂದು ಬೆಳಕು ಎಸೆಯುತ್ತಿತ್ತು, ಅದರ ಮೇಲೂ ಒಂದು ಕಂಬಳಿ ಹಾಸಿದೆ. ಕಿಟಕಿಯ ಕೆಳಗಿನ ಕದ ಮುಚ್ಚಿ ಮೇಲಿನದು ಮಾತ್ರ ತೆರೆದೆ. ಕುರ್ಚಿ ಕಿಟಕಿಗೆ ಒಂದು ಮೊಳ ದೂರ. ಹತ್ತಿರ ಕೂತಷ್ಟೂ ಬೆಳಕು ಬೇಗ ಸಾಯುತ್ತದೆ, ಹಿಂದಿನ ಗೋಡೆ ತಾನಾಗಿ ಕಪ್ಪಾಗುತ್ತದೆ.

ಕಾಕಾ: ಬೆಳಕು ಬೇಡ ಅಂತ ಕಂಬಳಿ ಕಟ್ಟಿದ್ದಾಳೆ!

ದೊಡ್ಡಪ್ಪ: ಆಷಾಢದಲ್ಲಿ ಬಡಗಣ ಕಿಟಕಿಗೂ ಬಿಸಿಲು ಬೀಳುತ್ತದೆ. ನಮ್ಮೂರಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಶುರುವಾಗುವವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗಕ್ಕೇ ಇರೋದು.

ನಾನು: ಅದಕ್ಕೇ ಮೋಡ ಕವಿಯುವ ತನಕ ಕಾದೆ.

ದೊಡ್ಡಪ್ಪ: ಹೂಂ. ಆದರೂ ಒಪ್ಪೋದಿಲ್ಲ. ರಾಜಾ ದೀನದಯಾಳ್ ಹೈದರಾಬಾದಿನ ಆರನೇ ನಿಜಾಮರ ಫೋಟೋಗ್ರಾಫರ್. ಆಗ ಸ್ಟುಡಿಯೋಗಳು ನಂಬಿದ್ದು ಹಗಲು ಬೆಳಕನ್ನೇ. ಅವರ ಫೋಟೋಗಳಲ್ಲಿ ಶೇರ್ವಾನಿಯ ಗುಂಡಿ ಎಣಿಸಬಹುದು. ಫೋಟೋ ಅಂದರೆ ಮುಖ ಕಾಣಬೇಕು.

ನಾನು: ನವಾಬರು ದುಡ್ಡು ಕೊಟ್ಟು ತೆಗೆಸಿಕೊಂಡವರು ದೊಡ್ಡಪ್ಪ. ಗುಂಡಿ ಕಾಣಲೇಬೇಕು. ಇಲ್ಲಿ ಗಿರಾಕಿ ನಾನೇ.

ಅಕ್ಕ (ಬೀದರ್): ಇದು ಮಾತು!

ದೊಡ್ಡಪ್ಪ: ಮಾತು ಬೇಡ. ಬೇಕಂತಲೇ ಕಪ್ಪು ಮಾಡಿದ್ದೋ, ಕಡಿಮೆ ಎಕ್ಸ್‌ಪೋಸ್ ಆಗಿ ಕಪ್ಪಾದದ್ದೋ, ನೆಗೆಟಿವ್ ಹೇಳುತ್ತದೆ. ಬೆಳಕಿನ ಮೀಟರ್ ಎಲ್ಲಿ ನೋಡಿದೆ?

ನಾನು: ಕುರ್ಚಿ ಇದ್ದ ಜಾಗದಲ್ಲಿ, ಕಿಟಕಿಗೆ ತಿರುಗಿಸಿದ ನನ್ನ ಕೈಯ ಹಿಂಭಾಗಕ್ಕೆ. ಫ್ರೇಮ್ ತುಂಬ ಕೈ ಮಾತ್ರ, ಕಿಟಕಿ ಸೇರಿಸಲಿಲ್ಲ. ಬಿಳಿ ಚರ್ಮಕ್ಕೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಜಾಸ್ತಿ ಕೊಡಿ ಅಂತ ಪುಸ್ತಕಗಳಲ್ಲಿ ಇರುತ್ತದೆ. ನನ್ನ ಬಣ್ಣಕ್ಕೆ ಮೀಟರ್ ಹೇಳಿದ್ದೇ ಸಾಕಾಯಿತು.

ದೊಡ್ಡಪ್ಪ: ಯಾವ ರೀಲು? ಎಲ್ಲಿ ತೊಳೆಸಿದೆ?

ನಾನು: ಇಲ್‌ಫರ್ಡ್ ಎಚ್‌ಪಿ5, 400. ಮನೆಯಲ್ಲೇ ತೊಳೆದೆ. ಐಡಿ-11 ಡೆವಲಪರ್, ನೀರು ಬೆರೆಸದೆ, 20 ಡಿಗ್ರಿಗೆ ಏಳೂವರೆ ನಿಮಿಷ. ನಲ್ಲಿ ನೀರು ಬೆಚ್ಚಗಿತ್ತು, ಬಕೆಟ್ಟಿಗೆ ಐಸ್ ಹಾಕಿ ಡೆವಲಪರ್ ಬಾಟಲಿ, ಹೈಪೋ ಬಾಟಲಿ ಎರಡನ್ನೂ ಅದರಲ್ಲಿ ನಿಲ್ಲಿಸಿದ್ದೆ.

ಕಾಕು: ಫ್ರಿಜ್ಜಿನಲ್ಲಿ ಐಸ್ ಖಾಲಿ ಆದದ್ದು ಇದಕ್ಕಾ?

ನಾನು: [ಫೋಟೋ] ನೆಗೆಟಿವ್. ಕಿಟಕಿಗೆ ಹಿಡಿದು ತೆಗೆದದ್ದು.

(ಮತ್ತೆ ಬಹಳ ಹೊತ್ತು. ಹಿಗ್ಗಿಸಿ ನೋಡುತ್ತಿದ್ದರು ಅಂತ ಕಾಣುತ್ತದೆ.)

ದೊಡ್ಡಪ್ಪ: ಬೆಳಕು ಬೀಳದ ಬಲಗಡೆ ನೆಗೆಟಿವ್‌ನಲ್ಲಿ ಬರೀ ಗಾಜಿನಂತೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ಕಿವಿಯ ಗೆರೆ ಇದೆ, ರೆಪ್ಪೆಯ ಅಂಚು ಇದೆ. ಮೂರು ಸ್ಟಾಪ್ ಕೆಳಗಿದ್ದರೂ ಬಂದಿದೆ. ನೀನು ಆಮೇಲೆ ಮುಚ್ಚಿದ್ದೀಯ.

ನಾನು: ಹೌದು. ಸ್ಕ್ಯಾನ್ ಮಾಡಿದ ಮೇಲೆ ನಾನೇ ಕಪ್ಪಿಗೆ ಇಳಿಸಿದೆ.

ದೊಡ್ಡಪ್ಪ: ಹಾಗಿದ್ದರೆ ಅದು ತಪ್ಪಲ್ಲ. ನನಗೆ ಹಿಡಿಸಲಿಲ್ಲ, ಅದು ಬೇರೆ ವಿಷಯ.

ಅಣ್ಣ (ಬೆಂಗಳೂರು): ಅಂದ್ರೆ ನಾನು ಮಾಡಿದ್ದೂ ಅದೇ ಅಲ್ವಾ? ಇರುವುದನ್ನೇ ಮೇಲೆ ಎತ್ತಿದೆ.

ದೊಡ್ಡಪ್ಪ: ನಿನ್ನದನ್ನೂ ಹಿಗ್ಗಿಸಿ ನೋಡಿದೆ. ಬಲಗಣ್ಣಿನ ಗುಡ್ಡೆಯಲ್ಲಿ, ಬಲಗಡೆಗೆ, ಒಂದು ಬಿಳಿ ಚುಕ್ಕೆ ಇದೆ. ಕಾಣುತ್ತದಾ?

ಅಣ್ಣ (ಬೆಂಗಳೂರು): ಕಾಣುತ್ತದೆ. ಕಣ್ಣಿನ ಹೊಳಪು.

ದೊಡ್ಡಪ್ಪ: ಆ ಕಡೆ ಏನಿತ್ತು?

ನಾನು: ಕಂಬಳಿ.

ದೊಡ್ಡಪ್ಪ: ಕಂಬಳಿಯಿಂದ ಹೊಳಪು ಹೇಗೆ ಬಂತಪ್ಪ? ನೆಗೆಟಿವ್‌ನಲ್ಲಿ ಅಲ್ಲಿ ಬರೀ ರೆಪ್ಪೆಯ ಅಂಚಿದೆ, ಗುಡ್ಡೆಯೇ ಇಲ್ಲ. ನಿನ್ನ ಆ್ಯಪ್ ಒಂದು ಕಣ್ಣು ಬರೆದು ಕೂಡಿಸಿದೆ. ನಾವೂ ಸ್ಟುಡಿಯೋದಲ್ಲಿ ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಮೊಡವೆ ಮುಚ್ಚಿದವರೇ. ಕಣ್ಣು ಇಡುವಷ್ಟು ಧೈರ್ಯ ನಮಗಿರಲಿಲ್ಲ.

ಅಕ್ಕ (ಬೀದರ್): ಈಗ ನೋಡಿದೆ. ಚರ್ಮವೂ ಮೈದಾ ಹಿಟ್ಟಿನ ಹಾಗೆ ನುಣ್ಣಗಾಗಿದೆ. ಇವಳ ಹಣೆ ಮೇಲಿನ ಕಲೆ ಎಲ್ಲಿ ಹೋಯಿತು?

ಅಣ್ಣ (ಬೆಂಗಳೂರು): ಆಯ್ತು ಆಯ್ತು, ಡಿಲೀಟ್ ಮಾಡ್ತೀನಿ.

(ಈ ಸಂದೇಶವನ್ನು ಅಳಿಸಲಾಗಿದೆ)

ನಾನು: ಕಾಕು, ನಿಮ್ಮ ಫೋನಿನಲ್ಲೂ ಅದನ್ನ ತೆಗೆದುಬಿಡ್ರಿ. ಬಯೋಡೇಟಾಗೆ ಭಾನುವಾರ ಬೇರೆ ತೆಗೆಸಿ ಕೊಡುತ್ತೇನೆ. ಕಲರ್. ಹಲ್ಲು ಕಾಣುವ ಹಾಗೆ.

ಕಾಕು: ಬೇಡ ಬಿಡು ತಂಗಿ. ಅವರಿಗೆ ಆಗಲೇ ಕಳಿಸಿ ಆಯಿತು.

ನಾನು: ಯಾವುದನ್ನ???

ಕಾಕು: ಅಣ್ಣ ಮಾಡಿದ್ದನ್ನೇ. ನೀಲಿ ಗೆರೆನೂ ಬಂತು. ಹುಡುಗನ ತಾಯಿ ಫೋನ್ ಮಾಡಿದ್ದರು. ಹುಡುಗಿಯ ಕಣ್ಣು ಬಹಳ ಚೆನ್ನಾಗಿವೆ ಅಂದರು.

ದೊಡ್ಡಪ್ಪ: ಯಾವ ಕಣ್ಣು ಅಂತ ಕೇಳಿದೆಯಾ?