ಬಡಾವಣೆಯ ಒಳರಸ್ತೆಯಲ್ಲಿ ವಾಹನಗಳ ವೇಗ ತಗ್ಗಿಸುವ ಕೆಲಸಕ್ಕೆ ಹಣ ಯಾವ ಬಾಬತ್ತಿನಿಂದ ಬರಬೇಕು?

ಬಡಾವಣೆ ನಿವಾಸಿ, ಶಿರಸಿ

ಶಿರಸಿಯ ಹುಬ್ಬಳ್ಳಿ ರಸ್ತೆ ಮತ್ತು ಯಲ್ಲಾಪುರ ರಸ್ತೆಗಳ ನಡುವಿನ ಒಂದು ವಸತಿ ಬಡಾವಣೆಯಲ್ಲಿ ನಾವು ಅರವತ್ತು ಮನೆಯವರಿದ್ದೇವೆ. ನಮ್ಮ ರಸ್ತೆ ಸುಮಾರು 400 ಮೀಟರ್ ಉದ್ದ, 5 ಮೀಟರ್ ಅಗಲವಿದ್ದು, ಎಲ್ಲಿಯೂ ತಿರುವಿಲ್ಲ. ಕಳೆದ ಬೇಸಿಗೆಯಲ್ಲಿ ಹೊಸ ಡಾಂಬರು ಬಿದ್ದಾಗ ಎಲ್ಲರೂ ಸಂತೋಷಪಟ್ಟಿದ್ದೆವು. ಆದರೆ ಹೊಂಡಗಳು ಮುಚ್ಚಿದ ಮೇಲೆ, ಪೇಟೆಯ ದಟ್ಟಣೆ ತಪ್ಪಿಸಿಕೊಳ್ಳಲು ಬಯಸುವ ಬೈಕು, ಕಾರು, ಸರಕಿನ ಟೆಂಪೊಗಳೆಲ್ಲ ಇದನ್ನೇ ಒಳದಾರಿ ಮಾಡಿಕೊಂಡಿವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಕಾಣುತ್ತಿದ್ದ ಓಡಾಟ ಈಗ ದಿನನಿತ್ಯದ್ದಾಗಿದೆ.

ಎದುರುಮನೆಯ ಎಪ್ಪತ್ತು ದಾಟಿದ ಅಮ್ಮ ಹಾಲು ತರಲು ಹೊರಟರೆ ಗೇಟಿನ ಕಂಬ ಹಿಡಿದು ನಿಂತು, ವಾಹನದ ಸದ್ದು ಪೂರ್ತಿ ಅಡಗುವ ತನಕ ಕಾದು, ಆಮೇಲೆ ಕಾಲು ಮುಂದಿಡುತ್ತಾರೆ. ಜೂನಿನಲ್ಲಿ ಶಾಲೆ ಶುರುವಾದ ವಾರವೇ ಸೈಕಲ್ಲಿನಲ್ಲಿದ್ದ ಹುಡುಗನೊಬ್ಬ ಕಾರಿಗೆ ದಾರಿ ಬಿಡಲು ಹೋಗಿ ಗಟಾರಕ್ಕೆ ಬಿದ್ದು ಮುಂಗೈ ಮುರಿದುಕೊಂಡ.

ಮನೆಗೆ ಸಾವಿರ ರೂಪಾಯಿಯಂತೆ ವಂತಿಗೆ ಎತ್ತಿ ಮೂರು ಉಬ್ಬುಗಳನ್ನು ಹಾಕಿಸೋಣವೆಂದು ಕೆಲವರು ಹೇಳುತ್ತಿದ್ದಾರೆ. ಹೀಗೆ ನಿವಾಸಿಗಳೇ ಖರ್ಚು ಮಾಡಬಹುದೇ? ಇಲ್ಲವಾದರೆ ನಗರಸಭೆಗೆ ಅರ್ಜಿ ಕೊಡುವ ಮೊದಲು ಯಾವ ಅನುದಾನದ ಬಗ್ಗೆ ತಿಳಿದುಕೊಂಡಿರಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಅಭಿಯಂತರ, ಕುಮಟಾ

ನಿಮ್ಮ ದುಡ್ಡಿನಿಂದ ನೀವೇ ಉಬ್ಬು ಕಟ್ಟಿಸುವ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ರಸ್ತೆ ನಗರಸಭೆಯ ಸ್ವತ್ತು. ಅನುಮತಿಯಿಲ್ಲದೆ ಅದರ ಮೇಲೆ ಏನನ್ನೇ ಕಟ್ಟಿದರೂ, ರಾತ್ರಿ ಯಾರಾದರೂ ಬಿದ್ದ ದಿನ ಅದರ ಹೊಣೆ ವಂತಿಗೆ ಕೊಟ್ಟವರ ತಲೆಗೆ ಬರುತ್ತದೆ. ಹಾಗಾಗಿ ನಿಮ್ಮ ರಸ್ತೆ ನಗರಸಭೆಯದೋ, ಲೋಕೋಪಯೋಗಿ ಇಲಾಖೆಯದೋ ಎಂಬುದನ್ನು ಮೊದಲು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ನಗರಸಭೆಯದಾದರೆ ಹಣದ ಮೂಲಗಳು ಮುಖ್ಯವಾಗಿ ಮೂರು: ಆಸ್ತಿ ತೆರಿಗೆ ಮುಂತಾದವುಗಳಿಂದ ಬರುವ ಸ್ವಂತ ನಿಧಿ, ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ಕೇಂದ್ರ ಹಣಕಾಸು ಆಯೋಗದ ಅನುದಾನ. ಕೊನೆಯದನ್ನು ಕಂಡು ಬಹಳ ಆಸೆ ಪಡುವಂತಿಲ್ಲ. 2021–26ರ ಅವಧಿಗೆ 15ನೇ ಹಣಕಾಸು ಆಯೋಗವು ನಮ್ಮಂಥ ಸಣ್ಣ ನಗರಗಳಿಗೆ ಕೊಟ್ಟ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ರಸ್ತೆ, ದೀಪ, ಗಟಾರಗಳೆಲ್ಲ ಉಳಿದ ಶೇ 40ರಲ್ಲಿ ಪಾಲು ಕೇಳಬೇಕಾಗಿತ್ತು. ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ ಇದ್ದರೂ, ಬರೀ ಮೂರು ಉಬ್ಬುಗಳಿಗಾಗಿ ಅದನ್ನು ಕೇಳುವುದಕ್ಕಿಂತ, ಆ ಹುಡುಗ ಬಿದ್ದಂಥ ಗಟಾರಕ್ಕೆ ಚಪ್ಪಡಿ ಮುಚ್ಚಿ ನಡೆದಾಡಲು ಜಾಗ ಮಾಡಿಸಲು ಕೇಳುವುದು ಹೆಚ್ಚು ಸೂಕ್ತ.

ನನ್ನ ಮಟ್ಟಿಗೆ ಮುಖ್ಯವಾದ ಮಾತು ಬೇರೆಯೇ ಇದೆ. ವೇಗ ತಗ್ಗಿಸುವ ಕೆಲಸಕ್ಕೆ ಪ್ರತ್ಯೇಕ ಹಣ ಹುಡುಕುವುದೇ ತಪ್ಪು ದಾರಿ. ಅದು ಡಾಂಬರೀಕರಣದ ಎಸ್ಟಿಮೇಟಿನೊಳಗೇ ಇರಬೇಕು. ರಸ್ತೆ ಕಾಮಗಾರಿಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 99ನೇ ಸಂಹಿತೆ 1988ರಲ್ಲಿ ಬಂದಾಗಲೇ ಗಂಟೆಗೆ 25 ಕಿ.ಮೀ. ವೇಗಕ್ಕೆ ತಕ್ಕ ಉಬ್ಬಿನ ಅಳತೆಯನ್ನು ಹೇಳಿದೆ: ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ನಿಮ್ಮ ರಸ್ತೆಯ ಅಗಲಕ್ಕೆ ಇಂಥ ಒಂದು ಉಬ್ಬಿಗೆ ಸುಮಾರು ಒಂದೂಕಾಲು ಘನ ಮೀಟರ್ ಡಾಂಬರು ಮಿಶ್ರಣ ಬೇಕು. ಮೂರಕ್ಕೆ ನಾಲ್ಕು ಘನ ಮೀಟರಿಗಿಂತ ಕಡಿಮೆ. ಅದೇ 400 ಮೀಟರ್ ರಸ್ತೆಗೆ 25 ಮಿ.ಮೀ. ದಪ್ಪದ ಪದರ ಹಾಸಲು 50 ಘನ ಮೀಟರ್ ಬೇಕಾಗುತ್ತದೆ. ರೋಲರ್, ಕಾರ್ಮಿಕರು, ಬಿಸಿ ಮಿಶ್ರಣದ ಲಾರಿ ಎಲ್ಲವೂ ಸ್ಥಳದಲ್ಲಿದ್ದ ದಿನವೇ ಈ ಉಬ್ಬುಗಳನ್ನು ಹಾಕಿದ್ದರೆ ಹೆಚ್ಚುವರಿ ವೆಚ್ಚ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಅಷ್ಟೇ ಕೆಲಸಕ್ಕೆ ಬೇರೆ ಟೆಂಡರ್ ಕರೆದರೆ ಗುತ್ತಿಗೆದಾರರೇ ಮುಂದೆ ಬರುವುದಿಲ್ಲ.

ಹಬ್ಬುವಾಡದವರು, ಕಾರವಾರ

ಅಭಿಯಂತರರ ಮೊದಲ ಎಚ್ಚರಿಕೆಗೆ ನಮ್ಮ ಓಣಿಯೇ ಸಾಕ್ಷಿ. ನಾಲ್ಕೈದು ಮನೆಯವರು ಸೇರಿ ಕಪ್ಪು-ಹಳದಿ ಬಣ್ಣದ ರಬ್ಬರ್ ಪಟ್ಟಿಗಳನ್ನು ತರಿಸಿ ಬೋಲ್ಟ್ ಹೊಡೆಸಿದೆವು. ಮೊದಲ ಮಳೆಗಾಲದಲ್ಲಿಯೇ ಬೋಲ್ಟಿನ ಸುತ್ತ ನೀರಿಳಿದು ಡಾಂಬರು ಸಡಿಲವಾಯಿತು, ಪಟ್ಟಿಯ ಒಂದು ತುದಿ ನಾಲಿಗೆಯಂತೆ ಮೇಲೆದ್ದಿತು. ಆಗಸ್ಟಿನ ಒಂದು ಸಂಜೆ ಅದರ ಮೇಲೆ ಸ್ಕೂಟರ್ ಜಾರಿ ನಮ್ಮ ಓಣಿಯ ಹೆಣ್ಣುಮಗಳೇ ಬಿದ್ದರು. ದುರಸ್ತಿಯನ್ನು ಯಾರ ಹತ್ತಿರ ಕೇಳಬೇಕು? ಆ ಪಟ್ಟಿ ಯಾವ ದಾಖಲೆಯಲ್ಲಿಯೂ ಇರಲಿಲ್ಲ. ವಂತಿಗೆಯನ್ನು ಒಮ್ಮೆ ಎತ್ತಬಹುದು. ಪ್ರತಿ ವರ್ಷದ ಬಣ್ಣ, ಫಲಕ, ತೇಪೆಗಳಿಗೆ ಎತ್ತಲಾಗುವುದಿಲ್ಲ. ಕರಾವಳಿಯ ಮಳೆಗೆ ಸಾಮಾನ್ಯ ಬಣ್ಣ ನಿಲ್ಲುವುದೂ ಇಲ್ಲ. ಎಸ್ಟಿಮೇಟಿನಲ್ಲಿ ಕಾಯಿಸಿ ಹಚ್ಚುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನೇ ನಮೂದಿಸಲು ಒತ್ತಾಯಿಸಿ, ಉಬ್ಬಿನ ಎರಡೂ ಅಂಚಿನಲ್ಲಿ ನೀರು ಗಟಾರಕ್ಕೆ ಹರಿಯುವ ಜಾಗ ಬಿಡಿಸಿ.

ನಿಮ್ಮ ಕೈಯಲ್ಲಿ ಇಂದೇ ಆಗುವ ಕೆಲಸವೊಂದಿದೆ, ಅದಕ್ಕೆ ಹಣವೂ ಬೇಡ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗುರುತು ಮಾಡಿ, ವಾಹನ ಆ ದೂರ ದಾಟುವ ಸಮಯವನ್ನು ಮೊಬೈಲಿನಲ್ಲಿ ಅಳೆಯಿರಿ. ಆರು ಸೆಕೆಂಡ್ ಬಂದರೆ ಗಂಟೆಗೆ 30 ಕಿ.ಮೀ., ನಾಲ್ಕೂವರೆ ಬಂದರೆ 40, ಅದಕ್ಕೂ ಕಡಿಮೆಯಾದರೆ ಇನ್ನೂ ಹೆಚ್ಚು. ಬೆಳಿಗ್ಗೆ ಶಾಲೆಯ ಹೊತ್ತು ಮತ್ತು ಸಂಜೆ ಒಂದೊಂದು ಗಂಟೆ ಒಂದು ವಾರ ಬರೆದಿಟ್ಟ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿದರೆ ಅದನ್ನು ಪಕ್ಕಕ್ಕಿಡುವುದು ಸುಲಭವಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕಿ, ಅಂಕೋಲಾ

ವಂತಿಗೆಯ ಬಗ್ಗೆ ನನ್ನ ಆಕ್ಷೇಪ ಕಾನೂನಿನದಲ್ಲ, ನ್ಯಾಯದ್ದು. ಮನೆಗೆ ಸಾವಿರ ಕೊಡಬಲ್ಲ ಬಡಾವಣೆಗೆ ಉಬ್ಬು ಬಂದರೆ, ಅಲ್ಲಿಂದ ತಪ್ಪಿಸಿಕೊಂಡ ವಾಹನಗಳು ಪಕ್ಕದ ಓಣಿಗೆ ಹೊರಳುತ್ತವೆ. ಆ ಓಣಿಯಲ್ಲಿ ಬಾಡಿಗೆ ಮನೆಗಳಿರುತ್ತವೆ, ಅಂಗನವಾಡಿ ಇರುತ್ತದೆ, ಮಕ್ಕಳಿಗೆ ಆಡಲು ರಸ್ತೆಯ ಹೊರತು ಬೇರೆ ಅಂಗಳ ಇರುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ವಾಹನ, ಚಾಲಕ ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲಿಯೇ 11 ಮೀಟರ್ ಸಾಗಿರುತ್ತದೆ. 20ರಲ್ಲಿ ಬಂದರೆ ಐದೂವರೆ ಮೀಟರ್. ಈ ಐದೂವರೆ ಮೀಟರಿನ ರಕ್ಷಣೆ ಹಣ ಕೊಟ್ಟವರ ಮಕ್ಕಳಿಗೆ ಮಾತ್ರ ಸಿಗುವಂತಾಗಬಾರದು. ಆದ್ದರಿಂದ ನಿಮ್ಮೊಂದು ರಸ್ತೆಗೆ ಕೇಳುವ ಬದಲು ಸುತ್ತಲಿನ ಓಣಿಗಳನ್ನೂ ಸೇರಿಸಿ ಇಡೀ ವಾರ್ಡಿಗೆ ಕೇಳಿ. ಶಾಲೆ, ಅಂಗನವಾಡಿ, ಅಪಘಾತದ ದಾಖಲೆ, ಅಳೆದ ವೇಗ ಇವುಗಳ ಆಧಾರದ ಮೇಲೆ ಸರದಿ ನಿಗದಿಯಾಗಲಿ. ಅದನ್ನು ಹೇಳಬೇಕಾದ ಜಾಗ ನಗರಸಭೆಯ ಆಯವ್ಯಯ ಪೂರ್ವಭಾವಿ ಸಭೆ. ಅಲ್ಲಿಗೆ ಸಾಮಾನ್ಯವಾಗಿ ಬಹಳ ಜನ ಹೋಗುವುದಿಲ್ಲ, ಹೋದವರ ಮಾತು ನಡಾವಳಿಯಲ್ಲಿ ದಾಖಲಾಗುತ್ತದೆ.

ಅಭಿಯಂತರರ ಒಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಶಿರಸಿಯವರ ರಸ್ತೆಗೆ ಡಾಂಬರು ಈಗಷ್ಟೇ ಬಿದ್ದಿದೆ. ಮುಂದಿನ ಡಾಂಬರೀಕರಣಕ್ಕೆ ಕಾಯಿರಿ ಎಂದರೆ, ಇಂದು ಒಂದನೇ ತರಗತಿಯಲ್ಲಿರುವ ಮಗು ಪ್ರಾಥಮಿಕ ಶಾಲೆ ಮುಗಿಸಿರುತ್ತದೆ.

ನಿವೃತ್ತ ಅಭಿಯಂತರ, ಕುಮಟಾ

ಅಕ್ಕೋರು ಹೇಳಿದ್ದು ಸರಿ, ನಾನು ಅದನ್ನು ಸೇರಿಸಬೇಕಿತ್ತು. ಈಗಾಗಲೇ ಡಾಂಬರು ಬಿದ್ದ ರಸ್ತೆಗಳಿಗೆ ದಾರಿ ಎಂದರೆ, ಹಲವು ವಾರ್ಡುಗಳ ಉಬ್ಬು, ಫಲಕ, ಬಣ್ಣಗಳನ್ನು ಒಟ್ಟುಗೂಡಿಸಿ ವಾರ್ಷಿಕ ರಸ್ತೆ ದುರಸ್ತಿಯ ಬಾಬತ್ತಿನಲ್ಲಿ ಒಂದೇ ಕಾಮಗಾರಿಯಾಗಿ ಕ್ರಿಯಾ ಯೋಜನೆಗೆ ಸೇರಿಸುವುದು. ಆಗ ಗುತ್ತಿಗೆದಾರರೂ ಬರುತ್ತಾರೆ, ನಿರ್ವಹಣೆಯೂ ದಾಖಲೆಗೆ ಸೇರುತ್ತದೆ. ಸ್ಥಳ ಗುರುತಿಸಲು ಸಂಚಾರ ಪೊಲೀಸರ ಅಭಿಪ್ರಾಯ ಪಡೆದು, ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕಳುಹಿಸಿ.

ಬಡಾವಣೆ ನಿವಾಸಿ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ವಂತಿಗೆಯ ಪಟ್ಟಿಯನ್ನು ನಿನ್ನೆ ರಾತ್ರಿಯೇ ನಿಲ್ಲಿಸಿದೆವು. ಈ ಭಾನುವಾರ ಪಕ್ಕದ ಎರಡು ಓಣಿಯವರನ್ನೂ ಸಭೆಗೆ ಕರೆದಿದ್ದೇವೆ. ಸೋಮವಾರದಿಂದ ಮೂರೂ ರಸ್ತೆಗಳಲ್ಲಿ ವೇಗ ಅಳೆಯುವ ಕೆಲಸ ಶುರುವಾಗುತ್ತದೆ. ಎದುರುಮನೆಯ ಅಮ್ಮ ಬೆಳಗಿನ ಪಾಳಿಯ ಪಟ್ಟಿಯನ್ನು ತಮ್ಮ ಗೇಟಿನ ಬಳಿ ಕುಳಿತು ತಾವೇ ಬರೆಯುವುದಾಗಿ ಹೇಳಿದ್ದಾರೆ.